ಎರಡು ಕೈ, ಒಂದು ತಾಳ: ಪಿಯಾನೋ ಕಲಿಯುವವರಿಗೆ ಕೈಹೊಂದಾಣಿಕೆ ಮತ್ತು ಸೈಟ್ ರೀಡಿಂಗ್ ಮಾರ್ಗದರ್ಶಿ

ಬಲಗೈ ಒಂದನ್ನೇ ನುಡಿಸಿದರೆ ಚೆನ್ನಾಗಿ ಬರುತ್ತದೆ. ಎಡಗೈಯೂ ಪರವಾಗಿಲ್ಲ. ಎರಡನ್ನೂ ಸೇರಿಸಿದ ಕೂಡಲೇ ಎಲ್ಲ ಕಲಸುಮೇಲೋಗರ. ಪಿಯಾನೋ ಅಥವಾ ಕೀಬೋರ್ಡ್ ಕಲಿಯಲು ಕೂತವರು ಮೊದಲ ಕೆಲವು ತಿಂಗಳಲ್ಲೇ ಈ ಜಾಗಕ್ಕೆ ಬಂದು ನಿಲ್ಲುತ್ತಾರೆ. ಎಷ್ಟೋ ಜನ ಇಲ್ಲಿಗೇ ಬಿಟ್ಟೂಬಿಡುತ್ತಾರೆ.

ಇಂಥ ಇನ್ನೊಂದು ಜಾಗ ಇದೆ. ಅದು ಸ್ವಲ್ಪ ತಡವಾಗಿ ಬರುತ್ತದೆ. ಐದಾರು ಹಾಡು ಬಾಯಿಪಾಠ ಆಗಿರುತ್ತವೆ. ಮನೆಗೆ ಬಂದವರ ಮುಂದೆ ನುಡಿಸಿ ಶಭಾಶ್ ಅನ್ನಿಸಿಕೊಂಡೂ ಆಗಿರುತ್ತದೆ. ಆಗ ಯಾರಾದರೂ ಸ್ವರ ಬರೆದ ಹೊಸ ಹಾಳೆ ಮುಂದಿಟ್ಟು ‘ಇದನ್ನು ನುಡಿಸಿ ನೋಡೋಣ’ ಅಂದರೆ ಕೈ ಏಳುವುದಿಲ್ಲ. ಹೀಗೆ ಹೊಸ ಹಾಳೆಯನ್ನು ನೋಡಿದ ಕೂಡಲೇ ಓದಿ ನುಡಿಸುವುದಕ್ಕೇ ಸೈಟ್ ರೀಡಿಂಗ್ ಅನ್ನುವುದು. ನನಗೆ ಆಗಿದ್ದು ಇದೇ. ಚಿಕ್ಕವಳಿದ್ದಾಗ ಕರ್ನಾಟಕ ಸಂಗೀತ ಕಲಿಯುತ್ತಿದ್ದೆ, ಪಿಯಾನೋಗೆ ಬಂದಿದ್ದು ಕೆಲಸಕ್ಕೆ ಸೇರಿದ ಮೇಲೆ. ಟೀಚರ್ ಒಮ್ಮೆ ನುಡಿಸಿ ತೋರಿಸಿದರೆ ಸಾಕು, ಕಿವಿಯಲ್ಲೇ ಹಿಡಿದುಬಿಡುತ್ತಿದ್ದೆ. ಎರಡು ವರ್ಷ ಹಾಳೆ ಎದುರಿಗೆ ಇತ್ತು ಅಷ್ಟೇ, ಅದನ್ನು ಓದಲೇ ಇಲ್ಲ. ಆಮೇಲೆ ಓದು ಕಲಿಯಲು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ಹಾಗೆ ಶುರು ಮಾಡಿದಾಗ ಒಂದು ವಿಷಯ ಗೊತ್ತಾಯಿತು. ಕೈ ಹೊಂದದಿರುವುದಕ್ಕೂ ಹಾಳೆ ಓದಲು ಬಾರದಿರುವುದಕ್ಕೂ ಕಾರಣಗಳು ಒಂದೇ. ಕಣ್ಣು ಪದೇ ಪದೇ ಕೈ ಮೇಲೆ ಬೀಳುತ್ತದೆ. ಆಗುವುದಕ್ಕಿಂತ ಜಾಸ್ತಿ ವೇಗದಲ್ಲಿ ಹೋಗುತ್ತೇವೆ. ತಪ್ಪಾದ ಕೂಡಲೇ ನಿಲ್ಲುತ್ತೇವೆ. ಮುಂದೆ ಬರೆದಿರುವ ಅಭ್ಯಾಸಗಳೆಲ್ಲ ಈ ಮೂರನ್ನು ಬಿಡಿಸುವುದಕ್ಕೇ ಇವೆ.

ವಾದ್ಯ ಮತ್ತು ಕೂರುವ ರೀತಿ

ಪೂರ್ತಿ ಪಿಯಾನೋದಲ್ಲಿ 88 ಕೀಗಳು: 52 ಬಿಳಿ, 36 ಕಪ್ಪು. ಮೊದಲ ವರ್ಷಕ್ಕೆ 61 ಕೀಗಳ ಕೀಬೋರ್ಡ್ ಧಾರಾಳವಾಗಿ ಸಾಕು. ಆದರೆ ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಕೇಳಿಸುವಂಥದ್ದನ್ನೇ ಕೊಳ್ಳಿ. ಹೇಗೆ ಒತ್ತಿದರೂ ಒಂದೇ ಸದ್ದು ಬರುವ ಆಟಿಕೆ ಕೀಬೋರ್ಡಿನಲ್ಲಿ ಬೆರಳಿಗೆ ಯಾವ ಬುದ್ಧಿಯೂ ಬರುವುದಿಲ್ಲ. ಕೂತಾಗ ಮೊಣಕೈ ಕೀಗಳ ಮಟ್ಟಕ್ಕೆ ಇರಬೇಕು. ಕುರ್ಚಿ ತಗ್ಗಾದರೆ ಮಡಚಿದ ಕಂಬಳಿ ಹಾಕಿಕೊಳ್ಳಿ. ಉಗುರು ಕತ್ತರಿಸಿರಬೇಕು. ಬೆರಳಿನ ಲೆಕ್ಕ ಎರಡೂ ಕೈಗೆ ಒಂದೇ: ಹೆಬ್ಬೆರಳು 1, ಕಿರುಬೆರಳು 5.

‘ಇದು ನಮ್ಮ ಕಡೆಯ ವಾದ್ಯ ಅಲ್ಲವಲ್ಲ’ ಅಂತ ಹಿಂಜರಿಯುವವರಿಗೆ ಒಂದು ಮಾತು. ಮೈಸೂರಿನ ಜಯಚಾಮರಾಜ ಒಡೆಯರ್ ಪಿಯಾನೋ ಕಲಿತವರು. ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲದೆ ಬದುಕುತ್ತಿದ್ದಾಗ, ಅವರ ರಚನೆಗಳು ರೆಕಾರ್ಡ್ ಆಗಲು ಹಣ ಕೊಟ್ಟವರು ಒಡೆಯರ್. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಚೆರ್ಟೊವನ್ನು (ಪಿಯಾನೋ ಮತ್ತು ವಾದ್ಯವೃಂದಕ್ಕೆ ಬರೆದ ದೊಡ್ಡ ರಚನೆ) ಅವರಿಗೇ ಅರ್ಪಿಸಿದರು. ಕೀರ್ತನೆಗಳನ್ನು ರಚಿಸಿದ ಕೈಗಳೇ ಪಿಯಾನೋ ಮೇಲೂ ಓಡಾಡಿದ್ದವು ಅನ್ನುವುದು ನನಗೆ ಬಹಳ ಇಷ್ಟದ ವಿಷಯ.

ಮೊದಲ ವಾರ: ನೋಡದೆ ಕೀ ಹುಡುಕುವುದು

ಕಪ್ಪು ಕೀಗಳು ಎರಡರ ಗುಂಪು, ಮೂರರ ಗುಂಪು, ಮತ್ತೆ ಎರಡು, ಮತ್ತೆ ಮೂರು ಹೀಗೆ ಬರುತ್ತವೆ. ಬಿಳಿ ಕೀಗಳಿಗೆ ಎಯಿಂದ ಜಿವರೆಗಿನ ಇಂಗ್ಲಿಷ್ ಅಕ್ಷರಗಳೇ ಹೆಸರು. ಎರಡರ ಗುಂಪಿನ ನಡುವೆ ಸಿಕ್ಕಿಕೊಂಡಿರುವ ಬಿಳಿ ಕೀ ಡಿ. ಕಣ್ಣು ಮುಚ್ಚಿಕೊಳ್ಳಿ. ಕಪ್ಪು ಕೀಗಳನ್ನು ಬೆರಳಿನಿಂದ ಸವರಿ, ಎರಡರ ಗುಂಪನ್ನು ಗುರುತು ಹಿಡಿದು ಡಿ ಒತ್ತಿ. 61 ಕೀಗಳದ್ದರಲ್ಲಿ ಇಂಥ ಐದು ಡಿ ಇವೆ. ಐದನ್ನೂ ಬಲಗೈಯಲ್ಲಿ ಹುಡುಕಿ, ಆಮೇಲೆ ಎಡಗೈಯಲ್ಲಿ. ಮಾರನೇ ದಿನ ಡಿಯ ಎಡಪಕ್ಕದ ಬಿಳಿ ಕೀ ಸಿ, ಅದರ ಮಾರನೇ ದಿನ ಮೂರರ ಗುಂಪಿನ ಎಡಕ್ಕೆ ಅಂಟಿಕೊಂಡ ಬಿಳಿ ಕೀ ಎಫ್. ದಿನಕ್ಕೆ ಎರಡೇ ನಿಮಿಷ ಸಾಕು.

ಸುಮ್ನೆ ಮಕ್ಕಳಾಟದ ಹಾಗೆ ಕಾಣುತ್ತದೆ ಅಲ್ವಾ? ಇದನ್ನು ಮಾತ್ರ ಬಿಡಬೇಡಿ. ಕುರುಡು ಬೆರಳಿಗೆ ದಾರಿ ಗೊತ್ತಾದರೆ ಮಾತ್ರ ಕಣ್ಣು ಹಾಳೆ ಮೇಲೆ ನಿಲ್ಲುತ್ತದೆ.

ಪಿಯಾನೋ ಮುಟ್ಟುವ ಮೊದಲು ತೊಡೆ ಮೇಲೆ

ಕೈ ಹೊಂದುವುದಿಲ್ಲ ಅಂದಾಗ ಬಹುತೇಕ ಸಲ ತಪ್ಪಿರುವುದು ಸ್ವರ ಅಲ್ಲ, ಲಯ. ಆದ್ದರಿಂದ ಲಯವನ್ನು ಬೇರೆಯಾಗಿ ಕಲಿಯೋಣ. ಎರಡು ಕೈಯನ್ನೂ ತೊಡೆ ಮೇಲಿಟ್ಟುಕೊಂಡು ಬಾಯಲ್ಲಿ ‘ತಕಧಿಮಿ, ತಕಧಿಮಿ’ ಅಂತ ನಿಧಾನವಾಗಿ ಹೇಳಿ. ಬಲಗೈ ನಾಲ್ಕು ಅಕ್ಷರಕ್ಕೂ ತಟ್ಟಲಿ. ಎಡಗೈ ‘ತ’ ಬಂದಾಗ ಮಾತ್ರ. ಒಂದು ನಿಮಿಷ ಆದ ಮೇಲೆ ಅದಲುಬದಲು ಮಾಡಿ. ಆಮೇಲೆ ಎಡಗೈ ‘ತ’ಕ್ಕೂ ‘ಧಿ’ಗೂ, ಬಲಗೈ ‘ಕ’ಕ್ಕೂ ‘ಮಿ’ಗೂ. ಇಲ್ಲಿ ಬಾಯಿ ಮುಖ್ಯ. ಎರಡು ಕೈಗಳು ಒಂದನ್ನೊಂದು ಹಿಂಬಾಲಿಸಲು ಹೋದರೆ ತಪ್ಪುತ್ತವೆ. ಎರಡೂ ಬಾಯಿಯ ಮಾತು ಕೇಳಿದರೆ ತಪ್ಪುವುದಿಲ್ಲ.

ಒಂದು ಕೈಗೆ ಮೂರು, ಇನ್ನೊಂದಕ್ಕೆ ಎರಡು ಬಂದಾಗ ಕಲಿಯುವವರು ಗಾಬರಿಯಾಗುತ್ತಾರೆ. ಅದಕ್ಕೆ ‘ತಕಿಟ ತಕಿಟ’ ಹೇಳಿ, ಒಟ್ಟು ಆರು ಅಕ್ಷರ. ಎಡಗೈ ಎರಡೂ ‘ತ’ಗಳಿಗೆ ತಟ್ಟುತ್ತದೆ. ಬಲಗೈ ಒಂದು, ಮೂರು, ಐದನೇ ಅಕ್ಷರಕ್ಕೆ, ಅಂದರೆ ಮೊದಲ ‘ತ’, ಮೊದಲ ‘ಟ’, ಎರಡನೇ ‘ಕಿ’ಗೆ ತಟ್ಟುತ್ತದೆ. ಕಿವಿಗೆ ಬೀಳುವುದು ‘ಎರಡೂ, ಬಲ, ಎಡ, ಬಲ’ ಅನ್ನುವ ಒಂದೇ ಲಯ. ಇದರಲ್ಲಿ ಎರಡು ಬೇರೆ ಬೇರೆ ಲಯಗಳಿವೆ ಅಂತ ಯೋಚಿಸುವುದನ್ನು ಬಿಟ್ಟ ದಿನ ಅದು ಕೈಗೆ ಬರುತ್ತದೆ.

ಹಾಡುಗಾರಿಕೆ ಕಲಿತವರಿಗೆ ಇಲ್ಲಿ ದೊಡ್ಡ ಅನುಕೂಲ ಇದೆ. ಒಂದು ಕೈಯಲ್ಲಿ ತಾಳ ಹಾಕುತ್ತಾ ಬಾಯಲ್ಲಿ ಎರಡನೇ ಕಾಲ (ಎರಡು ಪಟ್ಟು ವೇಗ), ಮೂರನೇ ಕಾಲ (ನಾಲ್ಕು ಪಟ್ಟು) ಹಾಡಿದವರು ಈ ಕೆಲಸವನ್ನು ಆಗಲೇ ಮಾಡಿಬಿಟ್ಟಿದ್ದಾರೆ. ಈಗ ಬಾಯಿಯ ಜಾಗಕ್ಕೆ ಇನ್ನೊಂದು ಕೈ ಬರುತ್ತದೆ, ಅಷ್ಟೇ ವ್ಯತ್ಯಾಸ.

ಡಿ ಮೇಲೆ ಮಾಯಾಮಾಳವಗೌಳ

ಇದು ನಾನು ಕಲಿಯುವವರಿಗೆಲ್ಲ ತಪ್ಪದೆ ಹೇಳುವ ಅಭ್ಯಾಸ. ಪುರಂದರದಾಸರು ಹಾಕಿಕೊಟ್ಟರು ಅಂತ ನಾವು ನಂಬುವ ಸರಳೆ ವರಿಸೆಯನ್ನು, ಅಂದರೆ ಕರ್ನಾಟಕ ಸಂಗೀತದ ಮೊದಲ ಸ್ವರಪಾಠಗಳನ್ನು, ಮಾಯಾಮಾಳವಗೌಳ ರಾಗದಲ್ಲಿ ಕಲಿಯುತ್ತೇವೆ. ಆ ರಾಗದ ಸ್ವರಗಳ ಅಂತರವನ್ನು ಅರ್ಧ ಮೆಟ್ಟಿಲಿನ (ಒಂದು ಕೀಯಿಂದ ತೀರಾ ಪಕ್ಕದ ಬಿಳಿ ಅಥವಾ ಕಪ್ಪು ಕೀಗಿರುವ ದೂರ) ಲೆಕ್ಕದಲ್ಲಿ ಬರೆದರೆ 1, 3, 1, 2, 1, 3, 1. ಹಿಂದಿನಿಂದ ಓದಿದರೂ ಅದೇ. ಪಿಯಾನೋದ ಕೀಗಳಿಗೂ ಇಂಥ ಗುಣ ಇದೆ: ಡಿ ಕೀಯ ನಟ್ಟನಡುವೆ ಕನ್ನಡಿ ಇಟ್ಟರೆ ಎಡಗಡೆಯ ಬಿಳಿ-ಕಪ್ಪು ಜೋಡಣೆ ಬಲಗಡೆಯ ಪ್ರತಿಬಿಂಬದಂತೆಯೇ ಇರುತ್ತದೆ. ಹಾಗಾಗಿ ಡಿಯನ್ನು ಷಡ್ಜ (ಸ) ಮಾಡಿಕೊಂಡರೆ ರಾಗವೂ ಕೀಗಳೂ ಒಟ್ಟಿಗೆ ಕನ್ನಡಿಯಾಗುತ್ತವೆ.

ಎಡಗೈ ಹೆಬ್ಬೆರಳನ್ನು ಮಧ್ಯದ ಸಿ (ಕೀಬೋರ್ಡಿನ ನಡುಭಾಗದಲ್ಲಿರುವ ಸಿ) ಪಕ್ಕದ ಡಿ ಮೇಲೆ ಇಡಿ. ಬಲಗೈ ಹೆಬ್ಬೆರಳು ಅದಕ್ಕಿಂತ ಒಂದು ಆಕ್ಟೇವ್ ಮೇಲಿನ, ಅಂದರೆ ಬಲಕ್ಕೆ ಸಿಗುವ ಮುಂದಿನ ಡಿ ಮೇಲಿರಲಿ. ಇಲ್ಲಿ ಶಾರ್ಪ್ ಅಂದರೆ ಆ ಬಿಳಿ ಕೀಯ ಬಲಕ್ಕಿರುವ ಕಪ್ಪು ಕೀ, ಫ್ಲ್ಯಾಟ್ ಅಂದರೆ ಎಡಕ್ಕಿರುವ ಕಪ್ಪು ಕೀ. ಈಗ ಬಲಗೈ ಆರೋಹಣ: ಡಿ, ಇ ಫ್ಲ್ಯಾಟ್, ಎಫ್ ಶಾರ್ಪ್, ಜಿ. ಬೆರಳುಗಳು 1, 2, 3, 4. ಹೆಬ್ಬೆರಳನ್ನು ಕೆಳಗಿಂದ ತೂರಿಸಿ ಮತ್ತೆ 1, 2, 3, 4: ಎ, ಬಿ ಫ್ಲ್ಯಾಟ್, ಸಿ ಶಾರ್ಪ್, ಡಿ. ಅದೇ ಹೊತ್ತಿಗೆ ಎಡಗೈ ಅವರೋಹಣ: ಡಿ, ಸಿ ಶಾರ್ಪ್, ಬಿ ಫ್ಲ್ಯಾಟ್, ಎ, ಆಮೇಲೆ ಜಿ, ಎಫ್ ಶಾರ್ಪ್, ಇ ಫ್ಲ್ಯಾಟ್, ಡಿ. ಬೆರಳುಗಳು ಅವೇ 1, 2, 3, 4, ಮತ್ತೆ 1, 2, 3, 4.

ಎರಡು ಕೈಯಲ್ಲೂ ಒಂದೇ ಬೆರಳು, ಒಂದೇ ಕ್ಷಣದಲ್ಲಿ, ಒಂದೇ ಬಣ್ಣದ ಕೀ ಮೇಲೆ ಬೀಳುತ್ತದೆ. ಗಿಡ್ಡ ಹೆಬ್ಬೆರಳಿಗೆ ಯಾವಾಗಲೂ ಬಿಳಿ ಕೀಯೇ ಸಿಗುತ್ತದೆ. ತೋರುಬೆರಳು ಮತ್ತು ನಡುಬೆರಳಿಗೆ ಕಪ್ಪು ಕೀ. ದೇಹಕ್ಕೆ ಇದಕ್ಕಿಂತ ಸುಲಭವಾದ ಜೋಡಿ ಚಲನೆ ಇಲ್ಲ. ಮೊದಲ ದಿನವೇ ಎರಡು ಕೈ ಸೇರಿ ಒಂದು ಪೂರ್ತಿ ಆಕ್ಟೇವ್ ಹೋಗಿಬರುವ ಸಂತೋಷ ಸಿಗುತ್ತದೆ. ಆ ಸಂತೋಷ ಸಿಕ್ಕ ಮಗು ಮಾರನೇ ದಿನ ತಾನಾಗಿಯೇ ಪಿಯಾನೋ ಮುಂದೆ ಕೂರುವುದನ್ನು ನಾನು ನೋಡಿದ್ದೇನೆ.

ಇದು ನೋಡದೆ ಬರುವಂತಾದ ಮೇಲೆ ಕಾಲ ಬೇರೆ ಮಾಡಿ. ಎಡಗೈ ಒಂದು ಸ್ವರ ನುಡಿಸುವಷ್ಟರಲ್ಲಿ ಬಲಗೈ ಎರಡು ನುಡಿಸಲಿ. ಎಡಗೈ ಷಡ್ಜದಿಂದ ಷಡ್ಜಕ್ಕೆ ಎಂಟು ಸ್ವರ ಇಳಿಯುವ ಹೊತ್ತಿಗೆ ಬಲಗೈ ಹದಿನಾರು ಸ್ವರದ ಮೊದಲ ಸರಳೆಯನ್ನು ಹತ್ತಿ ಇಳಿದು ಮುಗಿಸಿರುತ್ತದೆ. ಎಡಗೈ ವಾಪಸ್ ಹತ್ತುವಾಗ ಬಲಗೈ ಇನ್ನೊಂದು ಸುತ್ತು. ಆಮೇಲೆ ಎಡಗೈಗೆ ಎರಡನೇ ಕಾಲ, ಬಲಗೈಗೆ ಮೊದಲನೆಯದು. ನಮ್ಮಲ್ಲಿ ಬಹಳ ಜನಕ್ಕೆ ಬಲಗೈ ಚುರುಕು. ಎಡಗೈಗೆ ಕೆಲಸ ಕೊಡುವ ಈ ಎರಡನೇ ಭಾಗದಲ್ಲೇ ಜಾಸ್ತಿ ಹೊತ್ತು ಕಳೆಯಿರಿ.

ಎರಡು ಕೈಯೂ ಒಂದೇ ದಿಕ್ಕಿಗೆ ಹೋಗುವುದು ಇದಕ್ಕಿಂತ ಕಷ್ಟ. ಸಿ ಮೇಜರ್ ಸ್ಕೇಲನ್ನೇ (ಸಿಯಿಂದ ಮುಂದಿನ ಸಿವರೆಗೆ ಬಿಳಿ ಕೀಗಳು ಮಾತ್ರ) ನೋಡಿ. ಮೇಲೆ ಹೋಗುವಾಗ ಬಲಗೈ ಹೆಬ್ಬೆರಳು ಎಫ್ ಹತ್ತಿರ ಕೆಳಗೆ ತೂರುತ್ತದೆ. ಎಡಗೈಯಲ್ಲಿ ನಡುಬೆರಳು ಹೆಬ್ಬೆರಳನ್ನು ದಾಟುವುದು ಎ ಹತ್ತಿರ. ಎರಡು ತಿರುವು ಎರಡು ಬೇರೆ ಜಾಗದಲ್ಲಿ. ಅಲ್ಲೇ ಎಲ್ಲರೂ ಎಡವುವುದು. ಇಡೀ ಸ್ಕೇಲನ್ನು ಇಪ್ಪತ್ತು ಸಲ ಓಡಿಸಬೇಡಿ. ಇ, ಎಫ್, ಜಿ, ಎ ಈ ನಾಲ್ಕು ಸ್ವರಗಳನ್ನು ಮಾತ್ರ ಹಿಂದೆ ಮುಂದೆ ನುಡಿಸಿ.

ಒಂದು ನಿಜವಾದ ರಚನೆಯಲ್ಲಿ ಕೈ ಜೋಡಿಸುವುದು

ಜಿ ಮೇಜರ್‌ನ ಪುಟ್ಟ ಮಿನುಯೆಟ್ (ಯುರೋಪಿನ ಹಳೆಯ ನೃತ್ಯದ ಲಯದ ರಚನೆ) ಒಂದಿದೆ. ಜರ್ಮನಿಯ ಸಂಗೀತ ರಚನಕಾರ ಯೊಹಾನ್ ಸೆಬಾಸ್ಟಿಯನ್ ಬಾಖ್ ಅವರ ಹೆಂಡತಿ ಆನಾ ಮಗ್ದಲೇನಾ ಅವರ 1725ರ ಪುಸ್ತಕದಲ್ಲಿ ಅದು ಸಿಕ್ಕಿದ್ದರಿಂದ ಬಹುಕಾಲ ಬಾಖ್ ಅವರದ್ದೇ ಅಂದುಕೊಂಡಿದ್ದರು. ನಿಜವಾಗಿ ರಚಿಸಿದವರು ಕ್ರಿಶ್ಚಿಯನ್ ಪೆಟ್ಸೋಲ್ಡ್. ಪಿಯಾನೋ ಕಲಿಯುವ ಹೆಚ್ಚಿನವರ ಕೈಗೆ ಒಂದಲ್ಲ ಒಂದು ದಿನ ಇದು ಬಂದೇ ಬರುತ್ತದೆ. ಮೂರು ಬೀಟಿನ, ಅಂದರೆ ಮೂರು ಎಣಿಕೆಯ ತಾಳ. ಆ ತಾಳದ ಒಂದು ಸುತ್ತಿಗೆ ಬಾರ್ ಅನ್ನುತ್ತಾರೆ. ಇದರ ಮೊದಲ ಬಾರ್ ಒಂದನ್ನೇ ಹತ್ತಿರದಿಂದ ನೋಡೋಣ.

ಬಲಗೈ: ಮೊದಲ ಬೀಟಿಗೆ ಡಿ. ಎರಡನೇ ಬೀಟಿನಲ್ಲಿ ಜಿ, ಎ. ಮೂರನೇ ಬೀಟಿನಲ್ಲಿ ಬಿ, ಸಿ. ಬೆರಳುಗಳು 5, 1, 2, 3, 4. ಎಡಗೈ: ಜಿ, ಬಿ, ಡಿ ಮೂರನ್ನೂ ಒಟ್ಟಿಗೆ ಒತ್ತಿ ಎರಡು ಬೀಟ್ ಹಿಡಿದಿಟ್ಟು, ಮೂರನೇ ಬೀಟಿಗೆ ಎ. ಮುಂದಿನ ಬಾರ್ ಶುರುವಾಗುವಾಗ ಬಲಗೈಗೆ ಡಿ, ಎಡಗೈಗೆ ಬಿ.

ಕಲಿಯುವವರು ಬಲಗೈಯನ್ನು ಪೂರ್ತಿ ವೇಗದಲ್ಲಿ ಕಲಿತು, ಎಡಗೈಯನ್ನೂ ಪೂರ್ತಿ ವೇಗದಲ್ಲಿ ಕಲಿತು, ಆಮೇಲೆ ಎರಡನ್ನೂ ಸೇರಿಸಲು ಹೋಗುತ್ತಾರೆ. ನನ್ನ ಅನುಭವದಲ್ಲಿ ಇದು ತಪ್ಪು ದಾರಿ. ಒಂಟಿ ಕೈಗೆ ವೇಗ ಅಂಟಿಕೊಂಡಷ್ಟೂ ಜೋಡಿಸುವುದು ಕಷ್ಟವಾಗುತ್ತದೆ. ಬೆರಳು ಯಾವುದು ಅಂತ ಗೊತ್ತಾಗುವಷ್ಟು ಮಾತ್ರ ಕೈಗಳನ್ನು ಬೇರೆ ಬೇರೆ ನುಡಿಸಿ. ಕೂಡಲೇ ಜೋಡಿಸಿ, ಆದರೆ ಒಂದೊಂದೇ ಘಟನೆಯಾಗಿ. ಈ ಬಾರಿನಲ್ಲಿ ಒಟ್ಟು ಐದು ಘಟನೆಗಳಿವೆ. ಒಂದು, ಎರಡೂ ಕೈ. ಎರಡು, ಬಲ ಮಾತ್ರ. ಮೂರು, ಬಲ ಮಾತ್ರ. ನಾಲ್ಕು, ಎರಡೂ ಕೈ: ಬಲಕ್ಕೆ ಬಿ, ಎಡಕ್ಕೆ ಎ. ಐದು, ಬಲ ಮಾತ್ರ. ಪ್ರತಿ ಘಟನೆಗೂ ಮುಂಚೆ ನಿಂತು, ಬೆರಳುಗಳನ್ನು ಕೀ ಮೇಲೆ ಸುಮ್ಮನೆ ತಾಗಿಸಿ, ಸರಿ ಇದೆಯಾ ಅಂತ ನೋಡಿ, ಆಮೇಲೆ ಒತ್ತಿ. ಹೀಗೆ ನಾಲ್ಕು ಸಲ. ಆಮೇಲೆ ಆ ನಿಲುಗಡೆಗಳನ್ನು ಸಮ ಮಾಡಿ. ಈಗ ಅದು ನಿಧಾನವಾದ ಲಯದಲ್ಲಿ ತಾನಾಗಿಯೇ ಬರುತ್ತದೆ.

ಕೆಡುವುದು ನಾಲ್ಕನೇ ಘಟನೆಯಲ್ಲಿ. ಎಡಗೈ ಮೂರು ಕೀಗಳನ್ನು ಬಿಟ್ಟು ಮೇಲೇಳುವಾಗ ಬಲಗೈಯೂ ಜೊತೆಗೆ ಏಳಲು ನೋಡುತ್ತದೆ. ಒತ್ತುವುದನ್ನು ಎಲ್ಲರೂ ಅಭ್ಯಾಸ ಮಾಡುತ್ತಾರೆ, ಬಿಡುವುದನ್ನು ಯಾರೂ ಮಾಡುವುದಿಲ್ಲ. ಇದಕ್ಕೊಂದು ಉಪಾಯ: ಎಡಗೈಯಲ್ಲಿ ಒಂದು ಕೀ ಒತ್ತಿ ಹಿಡಿದುಕೊಳ್ಳಿ. ಬಲಗೈ ಅದೇ ಹೊತ್ತಲ್ಲಿ ನಾಲ್ಕು ಸ್ವರಗಳನ್ನು ಕಾದ ಹೆಂಚು ಮುಟ್ಟಿದ ಹಾಗೆ ಚುಟುಕಾಗಿ ನುಡಿಸಲಿ. ಎಡಗೈಯ ಸದ್ದು ಒಂಚೂರೂ ಕಡಿಯಬಾರದು. ಆಮೇಲೆ ಕೈ ಬದಲಿಸಿ.

ಮುಂದಿನ ಬಾರ್ ಸೇರಿಸುವಾಗ ಈ ಬಾರಿನ ಕೊನೆಯ ಬೀಟಿನಿಂದ ಶುರು ಮಾಡಿ, ಮುಂದಿನ ಬಾರಿನ ಮೊದಲ ಬೀಟಿನಲ್ಲಿ ನಿಲ್ಲಿಸಿ. ಎರಡು ಬಾರ್ ಸೇರುವ ಜಾಗವೇ ಸಡಿಲ ಇರುವುದು. ಸಮವಾಗಿ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಇದ್ದರೆ 60ಕ್ಕೆ (ನಿಮಿಷಕ್ಕೆ 60 ಬೀಟ್) ಇಟ್ಟು ಶುರು ಮಾಡಿ. ಅದೂ ಜಾಸ್ತಿ ಅನ್ನಿಸಿದರೆ 50. ಮೂರು ಸಲ ತಪ್ಪಿಲ್ಲದೆ ಬಂದ ಮೇಲೆ ಮಾತ್ರ ಏರಿಸಿ.

ಸೈಟ್ ರೀಡಿಂಗ್: ಇದು ಬೇರೆಯದೇ ಅಭ್ಯಾಸ

ಮೇಲೆ ಹೇಳಿದ್ದು ನಿಂತು, ತಿದ್ದಿ, ಮತ್ತೆ ಮಾಡುವ ಕೆಲಸ. ಸೈಟ್ ರೀಡಿಂಗ್‌ನಲ್ಲಿ ನಿಲ್ಲುವ ಹಾಗೇ ಇಲ್ಲ. ಎರಡನ್ನೂ ಒಂದೇ ಗುಕ್ಕಿನಲ್ಲಿ ಬೆರೆಸಬೇಡಿ. ಹತ್ತು ನಿಮಿಷ ಇದಕ್ಕೇ ಅಂತ ಬೇರೆ ಇಡಿ.

ಮೊದಲು ಗುರುತಿನ ಕಲ್ಲುಗಳು. ಹಾಳೆಯಲ್ಲಿ ಮೇಲಿನ ಐದು ಗೆರೆ ಟ್ರೆಬಲ್, ಹೆಚ್ಚಾಗಿ ಬಲಗೈಗೆ; ಕೆಳಗಿನ ಐದು ಬೇಸ್, ಹೆಚ್ಚಾಗಿ ಎಡಗೈಗೆ. ಎರಡರ ನಡುವಿನ ಪುಟ್ಟ ಗೆರೆಯ ಮೇಲೆ ಮಧ್ಯದ ಸಿ. ಅಲ್ಲಿಂದ ಒಂದು ಆಕ್ಟೇವ್ ಮೇಲಿನ ಸಿ ಟ್ರೆಬಲ್‌ನ ಮೂರನೇ ಸಂದಿಯಲ್ಲಿ, ಒಂದು ಆಕ್ಟೇವ್ ಕೆಳಗಿನ ಸಿ ಬೇಸ್‌ನ ಎರಡನೇ ಸಂದಿಯಲ್ಲಿ. ಇನ್ನೂ ಒಂದು ಆಕ್ಟೇವ್ ಆಚೆ ಹೋದರೆ ಟ್ರೆಬಲ್‌ನ ಮೇಲೆ ಎರಡನೇ ಹೆಚ್ಚುವರಿ ಗೆರೆ, ಬೇಸ್‌ನ ಕೆಳಗೆ ಎರಡನೇ ಹೆಚ್ಚುವರಿ ಗೆರೆ. ಇಲ್ಲೂ ಕನ್ನಡಿ! ಇದರ ಜೊತೆಗೆ ಟ್ರೆಬಲ್ ಚಿಹ್ನೆ ಸುತ್ತಿಕೊಂಡಿರುವ ಎರಡನೇ ಗೆರೆ ಜಿ, ಬೇಸ್ ಚಿಹ್ನೆಯ ಎರಡು ಚುಕ್ಕಿ ನಡುವಿನ ನಾಲ್ಕನೇ ಗೆರೆ ಎಫ್. ಈ ಏಳು ಜಾಗಗಳನ್ನು ನಿದ್ದೆಯಲ್ಲೂ ಹೇಳುವಂತಿರಬೇಕು. ಉಳಿದ ಸ್ವರಗಳ ಹೆಸರನ್ನು ಒಂದೊಂದಾಗಿ ಓದುವ ಅಗತ್ಯವೇ ಇಲ್ಲ.

ಏಕೆಂದರೆ ಓದುವುದು ಹೆಸರನ್ನಲ್ಲ, ದೂರವನ್ನು. ‘ಮನೆ’ ಅನ್ನುವ ಪದವನ್ನು ನಾವು ಮ, ನ, ಏತ್ವ ಅಂತ ಬಿಡಿಸಿ ಓದುತ್ತೇವಾ? ಹಾಗೇ ಇಲ್ಲೂ. ಗೆರೆಯಿಂದ ಪಕ್ಕದ ಸಂದಿಗೆ ಹೋದರೆ ಪಕ್ಕದ ಬೆರಳು. ಗೆರೆಯಿಂದ ಪಕ್ಕದ ಗೆರೆಗೆ ಹೋದರೆ ಒಂದು ಬೆರಳು ಬಿಟ್ಟು ಮುಂದಿನದು. ನಡುವೆ ಒಂದು ಗೆರೆ ಬಿಟ್ಟು ಆಚೆಯ ಗೆರೆ ಅಂದರೆ ಹೆಬ್ಬೆರಳಿನಿಂದ ಕಿರುಬೆರಳು. ಆಕ್ಟೇವ್ ಆದರೆ ಒಂದು ಗೆರೆ ಮೇಲೆ, ಇನ್ನೊಂದು ಸಂದಿಯಲ್ಲಿ. ಕಣ್ಣು ದೂರ ನೋಡುತ್ತದೆ, ಕೈ ಅಷ್ಟೇ ಅಗಲವಾಗುತ್ತದೆ. ಸ್ವರಗಳು ಒಂದರ ಮೇಲೊಂದು ಕೂತಿದ್ದರೆ ಕೆಳಗಿನಿಂದ ಮೇಲಕ್ಕೆ ಓದಿ. ಹಾಗೆ ಓದಿದರೆ ಎಡಗೈ ಹಿಂದೆ ಬೀಳುವುದಿಲ್ಲ.

ಏನು ಓದಬೇಕು? ನೀವು ಕಲಿಯುತ್ತಿರುವುದಕ್ಕಿಂತ ಎರಡು ಹಂತ ಸುಲಭವಾದದ್ದು, ಅದೂ ಪ್ರತಿದಿನ ಹೊಸದು. ಎರಡನೇ ಸಲ ನುಡಿಸಿದರೆ ಕಿವಿ ನೆನಪಿಟ್ಟುಕೊಂಡುಬಿಡುತ್ತದೆ, ಕಣ್ಣಿಗೆ ಕೆಲಸ ಇರುವುದಿಲ್ಲ. ಹಂಗೇರಿಯ ಸಂಗೀತ ರಚನಕಾರ ಬೇಲಾ ಬಾರ್ಟೋಕ್ 1926ರಿಂದ 1939ರವರೆಗೆ ಬರೆದ ‘ಮೈಕ್ರೊಕಾಸ್ಮೋಸ್’ನಲ್ಲಿ 153 ಪುಟ್ಟ ರಚನೆಗಳಿವೆ, ಆರು ಪುಸ್ತಕಗಳಲ್ಲಿ. ಶುರುವಿನ ಕೆಲವು ರಚನೆಗಳಲ್ಲಿ ಎರಡು ಕೈಯೂ ಒಂದೇ ರಾಗವನ್ನು ನುಡಿಸುತ್ತವೆ, ಆಮೇಲೆ ಮೆಲ್ಲಗೆ ಬೇರೆಯಾಗುತ್ತವೆ. ಓದುವ ಅಭ್ಯಾಸಕ್ಕೆ ನನಗೆ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಅದರಲ್ಲಿನ ರಾಗಗಳು ನಮ್ಮ ಕಿವಿಗೆ ಅಭ್ಯಾಸ ಇರುವ ಸಿನಿಮಾ ಹಾಡಿನ ಜಾಡಿನಲ್ಲಿ ಹೋಗುವುದಿಲ್ಲ. ಮುಂದಿನದನ್ನು ಊಹಿಸಲು ಆಗದ ಕಾರಣ ಕಣ್ಣು ನಿಜವಾಗಿ ಓದಲೇಬೇಕು. ಹಳೆಯ ಸ್ವರಪುಸ್ತಕಗಳು ಐಎಂಎಸ್‌ಎಲ್‌ಪಿ ತಾಣದಲ್ಲಿ ಉಚಿತವಾಗಿಯೂ ಸಿಗುತ್ತವೆ.

ನುಡಿಸುವ ಮುಂಚೆ ಅರ್ಧ ನಿಮಿಷ ನೋಡಿಕೊಳ್ಳಿ. ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿ ಎಬಿಆರ್‌ಎಸ್‌ಎಂನ ಪ್ರಾಕ್ಟಿಕಲ್ ಗ್ರೇಡ್ ಪರೀಕ್ಷೆಯಲ್ಲೂ ಅಷ್ಟೇ ಸಮಯ ಕೊಡುತ್ತಾರೆ. ಅಲ್ಲಿ 150 ಅಂಕದಲ್ಲಿ 21 ಇದಕ್ಕೇ. ಆ ಅರ್ಧ ನಿಮಿಷವನ್ನು ಬಹಳ ಜನ ಮೊದಲ ಸಾಲನ್ನು ದಿಟ್ಟಿಸುತ್ತಾ ಕಳೆದುಬಿಡುತ್ತಾರೆ. ಹಾಗೆ ಮಾಡಬೇಡಿ. ಶಾರ್ಪ್, ಫ್ಲ್ಯಾಟ್ ಎಷ್ಟಿವೆ ನೋಡಿ, ಆ ಕೀಗಳನ್ನು ಒಮ್ಮೆ ಬೆರಳಿನಿಂದ ಮುಟ್ಟಿ. ತಾಳ ಎಷ್ಟರದ್ದು ನೋಡಿ. ಕಣ್ಣನ್ನು ಪೂರ್ತಿ ಹಾಳೆ ಮೇಲೆ ಓಡಿಸಿ ಅತಿ ಕಷ್ಟದ ಬಾರ್ ಹುಡುಕಿ. ಆ ಬಾರನ್ನು ಯಾವ ವೇಗದಲ್ಲಿ ನುಡಿಸಬಲ್ಲಿರೋ ಅದೇ ಇಡೀ ಹಾಳೆಯ ವೇಗ. ಪರೀಕ್ಷೆಯಲ್ಲಿ ಈ ಸಮಯದಲ್ಲಿ ಸದ್ದು ಮಾಡಿ ನುಡಿಸಿ ನೋಡಲೂ ಬಿಡುತ್ತಾರೆ. ಕಷ್ಟದ ಆ ಒಂದು ಬಾರನ್ನೇ ನುಡಿಸಿ ನೋಡಿ.

ಶುರು ಮಾಡಿದ ಮೇಲೆ ತಾಳ ತಪ್ಪಬಾರದು, ಸ್ವರ ತಪ್ಪಿದರೆ ತಪ್ಪಲಿ. ಎರಡು ಕೈ ಆಗದಿದ್ದರೆ ಎಡಗೈಯ ಮೊದಲ ಬೀಟ್ ಮಾತ್ರ ನುಡಿಸಿ, ಬಲಗೈ ಮುಂದುವರಿಸಿ. ಅದೂ ಆಗದಿದ್ದರೆ ಬಾಯಲ್ಲಿ ಎಣಿಸುತ್ತಾ ಮುಂದಿನ ಬಾರಿಗೆ ಹತ್ತಿಕೊಳ್ಳಿ. ಓಡುವ ಬಸ್ಸಿಗೆ ಮುಂದಿನ ಸ್ಟಾಪಿನಲ್ಲಿ ಹತ್ತಿದ ಹಾಗೆ. ಹಿಂದೆ ಹೋಗಿ ತಿದ್ದುವ ಆಸೆಯನ್ನು ಗಟ್ಟಿಯಾಗಿ ತಡೆಯಬೇಕು. ನನಗೆ ಅತಿ ಕಷ್ಟವಾಗಿದ್ದು ಇದೇ.

ಕಣ್ಣು ಮುಂದೆ ಓಡುವ ಅಭ್ಯಾಸಕ್ಕೆ ಮನೆಯವರ ಸಹಾಯ ಬೇಕು. ಹಳೆಯ ಮದುವೆ ಕರೆಯೋಲೆಯಂಥ ದಪ್ಪ ಕಾಗದ ತೆಗೆದುಕೊಳ್ಳಿ. ನೀವು ಒಂದು ಬಾರ್ ಶುರು ಮಾಡಿದ ಕ್ಷಣ ಅವರು ಆ ಬಾರನ್ನು ಮುಚ್ಚಬೇಕು. ನುಡಿಸುತ್ತಿರುವುದು ಕಾಣುವುದಿಲ್ಲ, ಮುಂದಿನದು ಮಾತ್ರ ಕಾಣುತ್ತದೆ. ಮೊದಲ ಎರಡು ದಿನ ಕೋಪ ಬರುತ್ತದೆ. ಒಂದು ವಾರ ಕಳೆದ ಮೇಲೆ ಕಣ್ಣು ತಾನೇ ಮುಂದೆ ಹೋಗಿ ನಿಂತಿರುತ್ತದೆ.

ದಿನದ ನಲವತ್ತು ನಿಮಿಷ

ಕೆಲಸ, ಶಾಲೆ, ಮನೆ ನಡುವೆ ನಲವತ್ತು ನಿಮಿಷ ಸಿಕ್ಕರೆ ಹೀಗೆ ಹಂಚಿ: ಸೈಟ್ ರೀಡಿಂಗ್ ಮೊದಲ ಹತ್ತು, ಕಣ್ಣು ದಣಿಯುವ ಮುಂಚೆ. ಹತ್ತು ನಿಮಿಷ ಸರಳೆ ಮತ್ತು ಸ್ಕೇಲ್. ಉಳಿದದ್ದು ಕಲಿಯುತ್ತಿರುವ ರಚನೆಗೆ. ಹದಿನೈದೇ ನಿಮಿಷ ಸಿಕ್ಕ ದಿನ ಸ್ಕೇಲ್ ಬಿಡಿ, ಓದುವುದನ್ನು ಬಿಡಬೇಡಿ. ಭಾನುವಾರ ಎರಡು ಗಂಟೆ ಕೂರುವುದಕ್ಕಿಂತ ದಿನಾ ಹದಿನೈದು ನಿಮಿಷ ಮೇಲು. ಮಣಿಕಟ್ಟು ನೋವು ಬಂದರೆ ಅಲ್ಲೇ ನಿಲ್ಲಿಸಿ. ನೋವು ತಡೆದುಕೊಂಡು ನುಡಿಸುವುದರಿಂದ ಏನೂ ಬರುವುದಿಲ್ಲ.

ವಾರಕ್ಕೊಮ್ಮೆಯಾದರೂ ಇನ್ನೊಬ್ಬರ ಜೊತೆ ನುಡಿಸಿ. ಒಂದೇ ಪಿಯಾನೋ ಮುಂದೆ ಇಬ್ಬರು ಕೂತು ನುಡಿಸುವ ಸುಲಭ ರಚನೆಗಳ ಪುಸ್ತಕಗಳಿವೆ. ಅದಿಲ್ಲದಿದ್ದರೆ ಒಂದೇ ಹಾಳೆಯ ಬಲಗೈ ಭಾಗ ನಿಮಗೆ, ಎಡಗೈ ಭಾಗ ಅವರಿಗೆ. ನಾನು ಪಕ್ಕದ ಮನೆಯ ಒಂಬತ್ತು ವರ್ಷದ ಹುಡುಗಿ ಜೊತೆ ಶನಿವಾರ ಸಂಜೆ ಕೂರುತ್ತೇನೆ. ‘ಆಂಟಿ, ನಿಲ್ಲಿಸಬೇಡಿ, ನಾನು ಹೋಗ್ತಾ ಇದೀನಿ’ ಅಂತ ಅವಳು ಎಣಿಸುವುದರ ನಡುವೆಯೇ ಕೂಗುತ್ತಾಳೆ. ತಪ್ಪಿದ ಸ್ವರವನ್ನು ಅಲ್ಲೇ ಬಿಟ್ಟು ನಾನು ಮುಂದಿನ ಬಾರಿಗೆ ಹಾರುತ್ತೇನೆ.